ಭಾವನ ಜೀಪು, ಪಟ್ಟಾದ ಭಾವ

ಗುಜರಾತಿಗೆ ಬಂದ ಹೊಸತರಲ್ಲಿ ನನ್ನನ್ನು ದಾರಿ ತಪ್ಪಿಸಿದ ಮೊದಲ ಶಬ್ದ ‘ಭಾವ’. ಅಹಮದಾಬಾದಿನ ಮಣಿನಗರದಲ್ಲಿ ತರಕಾರಿ ಗಾಡಿಯ ಮುಂದೆ ನಿಂತ ಮುದುಕಿಯೊಬ್ಬಳು ಬದನೆಕಾಯಿಯನ್ನು ಮಗುಚಿ ನೋಡುತ್ತ ‘ಶು ಭಾವ ಛೇ?’ ಅಂದಳು. ಅಕ್ಕನ ಗಂಡನಿಗೂ ಬದನೆಕಾಯಿಗೂ ಎಲ್ಲಿಯ ನಂಟಪ್ಪಾ ಎಂದು ನಾನು ಅಲ್ಲೇ ಬಾಯಿ ಬಿಟ್ಟು ನಿಂತೆ. ಆಮೇಲೆ ತಿಳಿಯಿತು, ಇಲ್ಲಿ ಭಾವ ಅಂದರೆ ದರ. ನಮ್ಮ ಕಡೆ ಭಾವನ ಹತ್ತಿರ ಚೌಕಾಶಿ ಮಾಡುವ ಹಾಗಿಲ್ಲ. ಇಲ್ಲಿ ಚೌಕಾಶಿ ಮಾಡದಿದ್ದರೆ ಅದು ಭಾವವೇ ಅಲ್ಲ.

ನನ್ನ ಅಸಲು ಭಾವ ಇರುವುದು ವಡೋದರಾದಲ್ಲಿ. ಸಾಗರದ ಕಡೆಯವರು. ಕಾರ್ಖಾನೆಯ ನೌಕರಿ ಮುಗಿಸಿ, ಕೈಗೆ ಬಂದ ದುಡ್ಡಿನಲ್ಲಿ ಅಕ್ಕನಿಗೆ ಬಳೆ ಮಾಡಿಸುತ್ತಾರೆಂದು ನಾವೆಲ್ಲ ಕಾಯುತ್ತಿದ್ದಾಗ ಒಂದು ಹಳೇ ಮಹೀಂದ್ರ ಎಂಎಂ 540 ಜೀಪು ತಂದು ಮನೆ ಮುಂದೆ ನಿಲ್ಲಿಸಿದರು. ಹುಡುಗರಾಗಿದ್ದಾಗ ಕೊಡಚಾದ್ರಿಗೆ ಹೋಗುವ ಜೀಪಿನ ಹಿಂದೆ ನೇತಾಡಿಕೊಂಡು ಹೋದವರಂತೆ. ಆ ದಾರಿ ನಿಮಗೆ ಗೊತ್ತಲ್ಲ, ಮೇಲೆ ಮುಟ್ಟುವಷ್ಟರಲ್ಲಿ ತಿಂದ ಅವಲಕ್ಕಿ ಮತ್ತೆ ಭತ್ತವಾಗಿರುತ್ತದೆ. ಅಂಥ ದಾರಿಯಲ್ಲಿ ಹುಟ್ಟಿದ ಆಸೆ, ಅರವತ್ತಕ್ಕೆ ಬಂದು ನೆಲ ಕಂಡಿತು.

ನೆಲ ಕಂಡ ಮೇಲೆ ಒದೆಯಲು ಶುರುಮಾಡಿತು. ವೇಗತಡೆ ಉಬ್ಬು ಬಂದರೆ ಒಂದು ಒದೆ, ಗುಂಡಿ ಬಂದರೆ ಎರಡು. ಅಕ್ಕ ಎರಡನೆಯ ಸಲ ಹತ್ತಲೇ ಇಲ್ಲ. ‘ಪಟ್ಟಾ ಬದಲಾಯಿಸಬೇಕು ಮಾಣಿ, ಉದ್ದದ್ದು ಹಾಕಿಸಬೇಕು’ ಅಂತ ಭಾವ ನನಗೆ ಫೋನು ಮಾಡಿದರು. ಪಟ್ಟಾ ಅಂದರೆ ಗೊತ್ತಲ್ಲ, ಲಾರಿಯ ಹೊಟ್ಟೆಯ ಕೆಳಗೆ ಬಿಲ್ಲಿನ ಹಾಗೆ ಬಾಗಿ ಕೂತ ಉಕ್ಕಿನ ಹಲಗೆಗಳ ಕಟ್ಟು. ಗುಜರಾತಿಗಳು ಪಾಟಾ ಅನ್ನುತ್ತಾರೆ. ರೈಲಿನ ಹಳಿಯೂ ಪಾಟಾ, ಗಾಯಕ್ಕೆ ಸುತ್ತುವ ಬಟ್ಟೆ ಪಾಟೋ, ಕಾಲಲ್ಲಿ ಒದ್ದರೆ ಪಾಟು. ಭಾವನ ಜೀಪಿನಲ್ಲಿ ಕೂತವರಿಗೆ ಈ ಶಬ್ದಗಳನ್ನು ಪ್ರತ್ಯೇಕವಾಗಿ ಕಲಿಸಬೇಕಾಗಿಲ್ಲ.

ಈ ಕಮಾನು ಪಟ್ಟಾದ ವಂಶ ಸಣ್ಣದಲ್ಲ. 1804ರಲ್ಲಿ ಲಂಡನ್ನಿನ ಒಬಡಯ್ಯ ಎಲಿಯಟ್ ಎಂಬಾತ ಕುದುರೆ ಸಾರೋಟಿಗೆ ಇಂಥ ಕಮಾನು ಹಾಕಿ ಪೇಟೆಂಟು ಪಡೆದ. ನಮ್ಮ ಜಟಕಾ ಬಂಡಿಯ ಕೆಳಗೂ ಅದರ ಮರಿಮಕ್ಕಳೇ ಇದ್ದವು. 1985ರ ಕೊನೆಗೆ ಬಂದ ಮಾರುತಿ ಜಿಪ್ಸಿಗೆ ನಾಲ್ಕೂ ಕಡೆ ಪಟ್ಟಾ. 2020ರ ಹೊಸ ಥಾರ್ ಬರುವಷ್ಟರಲ್ಲಿ ಸುರುಳಿ ಸ್ಪ್ರಿಂಗು ಬಂದು ಕೂತಿತು, ಜಿಪ್ಸಿಯ ಮನೆಯಲ್ಲಿ ಹುಟ್ಟಿದ ಜಿಮ್ನಿಗೂ ಸುರುಳಿಯೇ. ಬೊಲೆರೊದ ಹಿಂಬದಿಯಲ್ಲಿ ಮಾತ್ರ ಪಟ್ಟಾ ಇನ್ನೂ ಮನೆ ಖಾಲಿ ಮಾಡಿಲ್ಲ. ಸುರುಳಿಯವರು ಪಟ್ಟಾದವರನ್ನು ನೋಡುವುದು, ಪೇಟೆ ಬೀಗರು ಹಳ್ಳಿ ಬೀಗರನ್ನು ನೋಡುವ ಹಾಗೆ.

ಸರಿ, ಮೊದಲು ಅಹಮದಾಬಾದ್. ಭಾವ ಎಕ್ಸ್‌ಪ್ರೆಸ್‌ ವೇನಲ್ಲಿ ಜೀಪು ಓಡಿಸಿಕೊಂಡು ಬಂದರು. 93 ಕಿಲೋಮೀಟರ್, ಹಪ್ಪಳದ ಮಣೆಯಷ್ಟು ನುಣುಪು. ಆ ರಸ್ತೆಯಲ್ಲೂ ಒದೆಸಿಕೊಂಡು ಬಂದೆ ಎಂದರು, ಅಂದರೆ ಜೀಪಿನ ತಾಕತ್ತು ನೀವೇ ಲೆಕ್ಕ ಹಾಕಿ. ನಾರೋಲ್ ದಾಟಿ ಅಸ್ಲಾಲಿ ಕಡೆ ಹೋದರೆ ಲಾರಿಗಳದೇ ಊರು; ಪಟ್ಟಾ ಬಡಿಯುವ ಸದ್ದು ಬೆಳಿಗ್ಗೆಯಿಂದಲೇ. ಅಲ್ಲಿಯ ಮಿಸ್ತ್ರಿ ಜೀಪಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳಿದ ಒಂದೇ ಪ್ರಶ್ನೆ: ‘ಎಷ್ಟು ಎತ್ತರ ಬೇಕು?’

‘ಉದ್ದ’ ಎಂದರು ಭಾವ.

‘ಹೌದು, ಎಷ್ಟು ಎತ್ತರ?’

ಇಲ್ಲೇ ನೋಡಿ ಲೋಕದ ಗುಟ್ಟು ಇರುವುದು. ಜೀಪು ಇಟ್ಟವರೆಲ್ಲ ಉದ್ದದ ಪಟ್ಟಾ ಎನ್ನುತ್ತ ಹೋಗುತ್ತಾರೆ, ಎತ್ತರ ಮಾಡಿಸಿಕೊಂಡು ಬರುತ್ತಾರೆ. ಎತ್ತರ ಸೊಸೈಟಿಯ ಗೇಟಿನಿಂದಲೇ ಕಾಣುತ್ತದೆ. ಉದ್ದ ತಿಳಿಯುವುದು ಕುಂಡೆಗೆ ಮಾತ್ರ, ಅದನ್ನು ಫೋಟೋ ತೆಗೆದು ಯಾರಿಗೂ ಕಳಿಸಲಾಗುವುದಿಲ್ಲ.

ಮಿಸ್ತ್ರಿಯ ಹತ್ತಿರ ಎತ್ತರಕ್ಕೆ ಮೂರು ಮದ್ದು ಇದ್ದವು. ಒಂದೆರಡು ಪಟ್ಟಾ ಹೆಚ್ಚಿಗೆ ತುರುಕುವುದು. ಇದ್ದದ್ದನ್ನೇ ಬಡಿದು ಕಮಾನು ಎತ್ತುವುದು. ಇಲ್ಲವೇ ಪಟ್ಟಾದ ಬಾಲವನ್ನು ಚಾಸಿಗೆ ತೂಗುಹಾಕುವ ಶ್ಯಾಕಲ್ ಎಂಬ ಜೋಡಿ ಕೊಂಡಿಯನ್ನು ಉದ್ದ ಮಾಡುವುದು. ಜಿಪ್ಸಿ ತಂದವರಿಗೆ ನಾಲ್ಕನೆಯದೂ ಉಂಟು: ಅಚ್ಚಿನ ಕೆಳಗಿರುವ ಪಟ್ಟಾವನ್ನು ಅಚ್ಚಿನ ಮೇಲೆ ಕೂರಿಸಿಬಿಡುವುದು. ಗಾಡಿ ಒಂದೇ ದಿನದಲ್ಲಿ ಒಂಟೆಯಾಗುತ್ತದೆ. ಮೂಲೆಯಲ್ಲಿ ಅಂಥದೊಂದು ನಿಂತಿತ್ತು, ಹತ್ತಲು ಮಾಲೀಕ ಪ್ಲಾಸ್ಟಿಕ್ ಸ್ಟೂಲು ಇಟ್ಟುಕೊಂಡಿದ್ದ.

‘ಇಷ್ಟು ಎತ್ತರ ಯಾಕೆ ಬೇಕು ನಿಮಗೆ?’ ಎಂದು ನಾನು ಭಾವನನ್ನು ಕೇಳಿದೆ. ಅವರ ಹತ್ತಿರ ಉತ್ತರ ರೆಡಿ. 2024ರ ಆಗಸ್ಟಿನಲ್ಲಿ ವಿಶ್ವಾಮಿತ್ರಿ ನದಿ ವಡೋದರಾದ ಬೀದಿಗೆ ಬಂದಿತ್ತು, ಜೊತೆಗೆ ತನ್ನ ಮೊಸಳೆಗಳನ್ನೂ ಕರೆತಂದಿತ್ತು. ಮೊಸಳೆ ಮತ್ತೆ ಬಂದರೆ? ಮೊಸಳೆಗೆ ಎತ್ತರದ ಜೀಪು ಬೇಕೋ, ಮಹಡಿ ಮನೆ ಸಾಕೋ ಎಂದು ನಾನು ಕೇಳಲಿಲ್ಲ. ಅಹಮದಾಬಾದಿನವರಿಗೂ ಇಂಥದೊಂದು ನೆಪ ಇದೆ. ಮಳೆಗಾಲದಲ್ಲಿ ಇಲ್ಲಿ ರಸ್ತೆ ಇದ್ದಕ್ಕಿದ್ದಂತೆ ಕುಸಿದು ಬಾವಿಯಷ್ಟು ಹಳ್ಳ ಬೀಳುತ್ತದೆ, ಅದಕ್ಕೆ ಭುವಾ ಅನ್ನುತ್ತಾರೆ. ದೆವ್ವ ಬಿಡಿಸುವವನನ್ನೂ ಇಲ್ಲಿ ಭುವಾ ಎಂದೇ ಕರೆಯುವುದು. ಎರಡೂ ಕಡೆ ಬಿದ್ದವರು ಏಳುವುದು ಕಷ್ಟ.

ಆ ದಿನ ಮಿಸ್ತ್ರಿ ಹೇಳಿದ ಭಾವ ಕೇಳಿ ನಮ್ಮ ಭಾವ ಚಹಾ ಕುಡಿದು ವಾಪಸು ಹೊರಟರು.

ವಡೋದರಾದಲ್ಲಿ ಅವರ ನೆರೆಮನೆಯಲ್ಲಿ ಒಬ್ಬ ಗುಜರಾತಿ ಮೇಷ್ಟ್ರಿದ್ದಾರೆ, ಮೆಕ್ಯಾನಿಕಲ್ ಪಾಠ ಮಾಡಿ ನಿವೃತ್ತರಾದವರು. ಸಯಾಜಿರಾವ್ ಗಾಯಕವಾಡರು 1890ರಲ್ಲಿ ಕಲಾಭವನ ಕಟ್ಟಿಸಿ ಕುಶಲವಿದ್ಯೆ ಕಲಿಸಲು ಶುರುಮಾಡಿದ ಊರು ಅದು. ಅಲ್ಲಿ ಪುಕ್ಕಟೆ ಪಾಠ ಹೇಳುವವರಿಗೆ ಬರವಿಲ್ಲ. ಮೇಷ್ಟ್ರು ನಮ್ಮನ್ನು ಊಟದ ಮೇಜಿಗೆ ಕರೆದು ಒಂದು ಸ್ಟೀಲು ಸ್ಕೇಲನ್ನು ಮೇಜಿನ ಅಂಚಿನಿಂದ ಅರ್ಧ ಗೇಣು ಹೊರಚಾಚಿ ಒತ್ತಿಹಿಡಿದರು. ತುದಿಗೆ ಒಂದು ಬೀಗ ತೂಗುಹಾಕಿದರು. ಸ್ಕೇಲು ಕೂದಲೆಳೆಯಷ್ಟು ಬಾಗಿತು. ಅದನ್ನೇ ಒಂದು ಗೇಣು ಹೊರಗೆಳೆದು ಅದೇ ಬೀಗ ತೂಗಿದರು. ಸ್ಕೇಲು ನಮಸ್ಕಾರ ಮಾಡಿತು.

‘ಉದ್ದ ಎರಡು ಪಟ್ಟಾದರೆ ಬಾಗು ಎಂಟು ಪಟ್ಟು’ ಎಂದರು. ಉದ್ದದ ಘನಕ್ಕೆ ತಕ್ಕಂತೆ ಮೃದುವಾಗುತ್ತದಂತೆ. ಪಟ್ಟಾವನ್ನು ಶೇಕಡಾ 10ರಷ್ಟು ಉದ್ದ ಮಾಡಿದರೆ ಸಾಕು, ಬಿಗಿ ಕಾಲು ಭಾಗ ಇಳಿಯುತ್ತದೆ. ಶೇಕಡಾ 25 ಉದ್ದ ಮಾಡಿದರೆ ಅರ್ಧಕ್ಕೆ ಅರ್ಧ. ದಪ್ಪದ ಕಥೆ ಇದರ ಉಲ್ಟಾ: 6 ಮಿಲಿಮೀಟರಿನ ಪಟ್ಟಾ ತೆಗೆದು 7ರದು ಹಾಕಿದರೆ ಒಂದೂವರೆ ಪಟ್ಟಿಗಿಂತ ಹೆಚ್ಚು ಬಿಗಿ. ಏಳು ಪಟ್ಟಾ ಇರುವ ಕಟ್ಟಿಗೆ ಎಂಟನೆಯದನ್ನು ತುರುಕಿದರೂ ಬಿಗಿ ಏರುತ್ತದೆ, ಸುಮಾರು ಶೇಕಡಾ 14ರಷ್ಟು. ಅಸ್ಲಾಲಿಯ ಮಿಸ್ತ್ರಿಯ ಮೊದಲ ಮದ್ದು ಕುಡಿದಿದ್ದರೆ ಪಟ್ಟಾ ಜಾಸ್ತಿ, ಪೆಟ್ಟೂ ಜಾಸ್ತಿ.

ಉದ್ದದ ಪಟ್ಟಾಕ್ಕೆ ಇನ್ನೊಂದು ಗುಣವಿದೆ. ಬಂಡೆ ಹತ್ತುವಾಗ ಒಂದು ಚಕ್ರ ಮೇಲಕ್ಕೂ ಇನ್ನೊಂದು ಕೆಳಕ್ಕೂ ಹೋಗಬೇಕು. ಗಿಡ್ಡ ಪಟ್ಟಾ ಅಷ್ಟು ಬಾಗಲು ಒಪ್ಪದೆ ಚಕ್ರವನ್ನು ಗಾಳಿಯಲ್ಲಿ ಎತ್ತಿ ಹಿಡಿಯುತ್ತದೆ, ಬೀದಿ ನಾಯಿ ಲೈಟು ಕಂಬದ ಹತ್ತಿರ ನಿಂತ ಹಾಗೆ. ಗಾಳಿಯಲ್ಲಿ ತಿರುಗುವ ಚಕ್ರ ಗಾಡಿಯನ್ನು ಮುಂದೆ ತಳ್ಳುವುದಿಲ್ಲ. ಉದ್ದದ್ದು ಅಷ್ಟೇ ಬಾಗಿಗೆ ಕಡಿಮೆ ದಣಿಯುತ್ತದೆ, ಚಕ್ರವೂ ನೆಲ ಬಿಡುವುದಿಲ್ಲ. ಆದರೆ ಉಕ್ಕೂ ಪುಕ್ಕಟೆ ಕೊಡುವ ಜಾತಿಯದಲ್ಲ. ಮೃದುವಾದ ಉದ್ದ ಪಟ್ಟಾ ಜೋರಾಗಿ ಬ್ರೇಕು ಹಾಕಿದಾಗ, ಕೆಳಗೇರಿನಲ್ಲಿ ಎಳೆದಾಗ ಹಾವಿನಂತೆ ಡೊಂಕುತ್ತದೆ, ಅಚ್ಚೂ ಅದರ ಜೊತೆ ತಲೆ ತಿರುವುತ್ತದೆ. ಬ್ರೇಕಿನ ಹೋಸು ಸಾಲದೇ ಬರುತ್ತದೆ, ಕುಲುಕಾಟ ತಡೆಯುವ ಜಂಪರ್ ಉದ್ದ ಸಾಲುವುದಿಲ್ಲ. ಶ್ಯಾಕಲ್ ಉದ್ದ ಮಾಡಿದರಂತೂ ಎರಡು ಅಂಗುಲ ಕೂಡಿಸಿದ್ದಕ್ಕೆ ಸಿಗುವ ಎತ್ತರ ಒಂದೇ ಅಂಗುಲ. ಮುಂದಿನ ಚಕ್ರಕ್ಕೆ ಹಾಗೆ ಮಾಡಿದರೆ ಸ್ಟೇರಿಂಗು ಕುಡಿದವನ ಕೈಯಲ್ಲಿ ಇದ್ದಂತೆ ಅಲೆಯುತ್ತದೆ.

ಇಷ್ಟೆಲ್ಲ ಹೇಳಿ ಮೇಷ್ಟ್ರು ಜೀಪಿನ ಕೆಳಗೆ ಟಾರ್ಚು ಬಿಟ್ಟರು. ನಕ್ಕರು. ಪಟ್ಟಾಗಳೆಲ್ಲ ತುಕ್ಕು ಹಿಡಿದು ಒಂದಕ್ಕೊಂದು ಅಂಟಿ ಒಂದೇ ದಿಮ್ಮಿಯಾಗಿದ್ದವು. ಪಟ್ಟಾದ ಮೇಲೆ ಪಟ್ಟಾ ಜಾರಬೇಕು, ಆ ಉಜ್ಜಾಟದಲ್ಲೇ ಕುಲುಕಾಟ ತಣಿಯುವುದು. ಜಾರದಿದ್ದರೆ ಅದು ಸ್ಪ್ರಿಂಗಲ್ಲ, ರೈಲು ಹಳಿ. ಪಾಟಾ ಎಂಬ ಶಬ್ದಕ್ಕೆ ಎರಡು ಅರ್ಥ ಯಾಕೆ ಇದೆ ಎಂದು ನನಗೆ ಆಗ ಹೊಳೆಯಿತು. ಶ್ಯಾಕಲಿನ ಬುಷ್ಷಿಗೆ ಗ್ರೀಸು ತೋರಿಸಿ ಯಾವ ಕಾಲವಾಗಿತ್ತೋ. ಟೈರಿನ ಗಾಳಿ ಲಾರಿಗೆ ಹಾಕುವಷ್ಟಿತ್ತು.

‘ಬಿಚ್ಚಿ ಉಜ್ಜಿ ಗ್ರೀಸು ಹಾಕಿ, ಗಾಳಿ ಇಳಿಸಿ, ಆಮೇಲೆ ನೋಡಿ’ ಎಂದರು ಮೇಷ್ಟ್ರು.

ಇದಕ್ಕೆ ಭಾವನ ಮುಖ ನೋಡಬೇಕಿತ್ತು. ಮೊಣಕಾಲು ನೋವೆಂದು ದೊಡ್ಡ ಡಾಕ್ಟರ ಹತ್ತಿರ ಹೋದವನಿಗೆ ‘ದಿನಾ ನಡೆಯಿರಿ’ ಅಂದರೆ ಆಗುತ್ತದಲ್ಲ, ಹಾಗೆ. ಗ್ರೀಸಿನ ವಿಷಯ ನಾಲ್ಕು ಜನಕ್ಕೆ ಹೇಳಿಕೊಳ್ಳಲು ಬರುತ್ತದೆಯೇ?

ಸೂರತ್ತಿನಲ್ಲಿ ಭಾವನ ಗೆಳೆಯರೊಬ್ಬರು ಬಟ್ಟೆ ವ್ಯಾಪಾರಿ. ಡಾಂಗ್ ಕಾಡಿಗೆ, ಸಾಪುತಾರಾಕ್ಕೆ ಜೀಪಿನಲ್ಲಿ ಹೋಗುವ ಹವ್ಯಾಸದವರು. 2006ರ ತಾಪಿ ಪ್ರವಾಹ ಕಂಡವರು ಬೇರೆ, ಹಾಗಾಗಿ ಎತ್ತರದ ನೆಪಕ್ಕೆ ಅಲ್ಲೂ ಕೊರತೆಯಿಲ್ಲ. ಆದರೆ ಸೂರತ್ತು ಮೀಟರಿನ ಊರು, ಉದ್ದ ಎಂದರೆ ಅವರಿಗೆ ಮಂತ್ರ. ‘ನಾಲ್ಕು ಅಂಗುಲ ಉದ್ದ ಮಾಡಿಸೋಣ, ನನ್ನ ಮಿಸ್ತ್ರಿ ಇದ್ದಾನೆ’ ಎಂದರು. ಹಾಲೋಲಿನಲ್ಲಿ ತಯಾರಾಗುತ್ತಿದ್ದ ಟವೇರಾದ ಹಿಂದಿನ ಪಟ್ಟಾ ಗುಜರಿಯಲ್ಲಿ ಸಿಗುತ್ತದೆ, ಅದನ್ನೇ ಕೂರಿಸಿದರಾಯಿತು ಎಂದು ಇನ್ನೊಬ್ಬರು ದನಿಗೂಡಿಸಿದರು. ಅದು ಬೇಡ, ಹೊಸ ಉಕ್ಕೇ ಇರಲಿ ಎಂದರು ಭಾವ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ತಯಾರಿಸಿದವರ ಮೂಲ ವಿವರಕ್ಕೆ ವ್ಯತಿರಿಕ್ತವಾಗಿ ಗಾಡಿ ಮಾರ್ಪಡಿಸಕೂಡದು ಎಂದದ್ದನ್ನು ನಾನು ನೆನಪಿಸಿದೆ. ‘ನಾನೆಲ್ಲಿ ಮಾರ್ಪಡಿಸುತ್ತಿದ್ದೇನೆ ಮಾರಾಯ, ರಿಪೇರಿ’ ಎಂದರು. ಆರ್‌ಟಿಒದವರ ಎದುರು ಇದೇ ಮಾತು ಇದೇ ಮುಖಭಾವದಲ್ಲಿ ಹೇಳಲಿ ನೋಡೋಣ.

ಸೂರತ್ತಿನ ಮಿಸ್ತ್ರಿ ಕೆಲಸಗಾರ. ಸೂರತಿಗಳ ಬಾಯಲ್ಲಿ ಬೈಗುಳ ಒಗ್ಗರಣೆ ಇದ್ದ ಹಾಗೆ ಎನ್ನುತ್ತಾರೆ, ಈತ ಒಗ್ಗರಣೆಯ ಸೌಟೇ ಹಿಡಿದಿದ್ದ. ಮೇನ್ ಪಟ್ಟಾದ ಕಿವಿಯ, ಅಂದರೆ ಬಳೆಯಂತೆ ಮಡಿಸಿದ ತುದಿಯ ಸುತ್ತ ಎರಡನೆಯ ಪಟ್ಟಾವನ್ನೂ ಸುತ್ತಿ ಕೊಟ್ಟ, ಮೇನ್ ಮುರಿದರೂ ಅಚ್ಚು ಕಳಚಿಕೊಳ್ಳದಿರಲಿ ಎಂದು. ಮಿಲಿಟರಿ ಗಾಡಿಗೆ ಹೀಗೇ ಇರುತ್ತದಂತೆ. ಶ್ಯಾಕಲಿನ ಕೊಂಡಿಯನ್ನು ಚಾಸಿಯಲ್ಲಿ ಹಿಂದಕ್ಕೆ ಸರಿಸಿ ಬೆಸೆದ. ನಾವು ಅಷ್ಟರಲ್ಲಿ ಲೋಚೋ ತಿನ್ನಲು ಹೋದೆವು. ಲೋಚೋ ಅಂದರೆ ಕಡಲೆಬೇಳೆಯ ಬಿಸಿಬಿಸಿ ಮುದ್ದೆ, ಮೇಲೆ ಬೆಣ್ಣೆ, ಸೇವು. ಲೋಚೋ ಅಂದರೆ ಎಡವಟ್ಟು ಎಂಬ ಅರ್ಥವೂ ಉಂಟು. ವಾಪಸು ಬಂದಾಗ ಎರಡನೆಯದು ಗ್ಯಾರೇಜಿನಲ್ಲಿ ತಯಾರಾಗಿತ್ತು.

ಆದದ್ದು ಇಷ್ಟು. ಪಟ್ಟಾದ ಮುಂದಿನ ಕಿವಿ ಅಲುಗದ ಜಾಗದಲ್ಲಿ ಬಿಗಿದಿರುತ್ತದೆ. ಕೂಡಿಸಿದ ನಾಲ್ಕೂ ಅಂಗುಲ ಹಿಂದಕ್ಕೇ ಚಾಚುತ್ತದೆ. ಅಚ್ಚು ಇದ್ದಲ್ಲೇ ಇರಬೇಕಾದರೆ ಸೆಂಟರ್ ಬೋಲ್ಟಿನ ತೂತು ಮುಂದಿನ ಕಿವಿಯಿಂದ ಮೊದಲು ಎಷ್ಟು ದೂರವಿತ್ತೋ ಅಷ್ಟೇ ದೂರದಲ್ಲಿರಬೇಕು. ಮಿಸ್ತ್ರಿ ಅಭ್ಯಾಸಬಲದಿಂದ ಪಟ್ಟಾದ ನಟ್ಟನಡುವೆ ತೂತು ಹೊಡೆದಿದ್ದ. ಅಚ್ಚು ಎರಡು ಅಂಗುಲ ಹಿಂದೆ ಹೋಗಿ ಕೂತಿತ್ತು. ಪ್ರೊಪೆಲ್ಲರ್ ಶಾಫ್ಟು ತನ್ನ ತೋಳು ಪೂರ್ತಿ ಚಾಚಿ, ಬಸ್ಸಿನ ಸರಳಿಗೆ ಜೋತ ಕುಳ್ಳನಂತೆ ತುದಿಬೆರಳಲ್ಲಿ ನಿಂತಿತ್ತು. ಒಂದು ಹಳ್ಳಕ್ಕೆ ಇಳಿದಿದ್ದರೆ ಕೈಬಿಡುತ್ತಿತ್ತು. ಬಟ್ಟೆ ವ್ಯಾಪಾರಿ ಟೇಪು ಹಿಡಿದು ನೋಡಿ, ‘ಕಟ್‌ಪೀಸ್ ಮಾಡಿದ್ದೀಯಲ್ಲೋ’ ಎಂದರು. ಮಿಸ್ತ್ರಿ ಏನೆಂದನೋ ಗುಜರಾತಿ ನಿಘಂಟಿನಲ್ಲಿ ಸಿಗಲಾರದು. ಮರುದಿನ ಹೊಸ ಪಟ್ಟಾ, ಸರಿಯಾದ ಜಾಗದಲ್ಲಿ ತೂತು, ಉದ್ದದ ಬ್ರೇಕು ಹೋಸು.

ಭರೂಚಿನ ಹತ್ತಿರ ನರ್ಮದೆ ದಾಟುವಾಗ ಭಾವ ಹಾಡು ಗುನುಗುತ್ತಿದ್ದರು. ಜೀಪು ಒದೆಯುವುದನ್ನು ಮರೆತಿತ್ತು. ವಡೋದರಾ ಮುಟ್ಟಿದ ಸಂಜೆ ಅಕ್ಕನೇ ತಾನಾಗಿ ಹತ್ತಿ ಕೂತು, ಮಡಿಲಲ್ಲಿ ಮಜ್ಜಿಗೆಯ ಡಬ್ಬಿ ಇಟ್ಟುಕೊಂಡು ಮಹಿಸಾಗರ ನದಿಯ ಕೊರಕಲುಗಳ ತನಕ ಹೋಗಿಬಂದಳು. ಮಜ್ಜಿಗೆ ಬೆಣ್ಣೆಯಾಗಲಿಲ್ಲ. ‘ಹೂಂ, ಪರವಾಗಿಲ್ಲ’ ಎಂದಳು. ಅಕ್ಕನ ಬಾಯಲ್ಲಿ ಇದು ಪದ್ಮಶ್ರೀ.

ಎಲ್ಲ ಸರಿಯಿತ್ತು, ಸೊಸೈಟಿಯ ಗೇಟಿನ ತನಕ. ಉದ್ದದ ಪಟ್ಟಾಕ್ಕೆ ಕಮಾನು ಕಡಿಮೆ, ಚಪ್ಪಟೆಯಾಗಿ ಮಲಗುತ್ತದೆ. ಮೊದಲು ತುಕ್ಕಿನ ದಿಮ್ಮಿಯ ಮೇಲೆ ಬಿಗಿದು ನಿಂತಿದ್ದ ಜೀಪು ಈಗ ಊಟವಾಗಿ ಕಾಲು ಚಾಚಿದ ಹಾಗೆ ಕಾಣುತ್ತಿತ್ತು. ಕಾವಲುಗಾರ ಗೇಟು ತೆಗೆಯುತ್ತ ಹಿಂದಿನ ಚಕ್ರ ನೋಡಿ ಮರುಕದಿಂದ ಕೇಳಿದ: ‘ಕಾಕಾ, ಗಾಡಿ ಬೇಸೀ ಗಯೀ?’ ಕೂತುಬಿಟ್ಟಿತೇ ಅಂತ.

ರಾತ್ರಿ ಹನ್ನೊಂದಕ್ಕೆ ನನ್ನ ಫೋನು ಬಡಿದುಕೊಂಡಿತು. ಅಕ್ಕನಿಗೆ ಕೇಳದಿರಲೆಂದು ಭಾವ ಪಿಸುಮಾತಿನಲ್ಲಿದ್ದರು.

‘ಮಾಣಿ, ಆ ಅಸ್ಲಾಲಿಯವನ ನಂಬರು ಇದೆಯೇನೋ? ಬರೀ ಶ್ಯಾಕಲಿಗೆ ಭಾವ ಎಷ್ಟು ಕೇಳು.’