ದಾಟಿ ಹೋದರೂ ಬಿಡದ ಬಂದರು

ಹಡಗಿನಲ್ಲಿ ಬಂದವರನ್ನು ಬಂದರಿನಲ್ಲೇ ತಡೆಯುವುದು ಈಗಿನ ವಲಸೆ ಅಧಿಕಾರಿಗಳ ಶೋಧ ಅಂದುಕೊಂಡರೆ ನಮ್ಮ ಬಾರ್ಕೂರಿಗೆ ಅವಮಾನ. ದಿಲ್ಲಿ ಸುಲ್ತಾನನ ರಾಯಭಾರಿಯಾಗಿ ಚೀನಾಕ್ಕೆ ಹೊರಟಿದ್ದ ಇಬ್ನ್ ಬತೂತ 1342ರ ಸುಮಾರಿಗೆ ಇಲ್ಲಿ ಇಳಿದಿದ್ದ. ಅವನ ಬರಹದ ‘ಫಾಕನೂರು’ ನಮ್ಮೂರೇ. ಆಗಿನ ಕಾನೂನು ತಮಾಷೆಯದು: ಬಂದವರನ್ನು ವಾಪಸ್ ಅಟ್ಟುವುದಲ್ಲ, ಪಾಪ, ತಮ್ಮ ಪಾಡಿಗೆ ಹೋಗುವವರನ್ನೂ ಎಳೆದು ತರುವುದು! ಈ ದಾರಿಯ ಹಡಗು ಲಂಗರು ಹಾಕಿ ಅರಸನಿಗೆ ಕಾಣಿಕೆ ಕೊಡಬೇಕು. ಜಾರಿಕೊಂಡರೆ ಬೆನ್ನಟ್ಟಿ ಹಿಡಿದು, ಸುಂಕ ಇಮ್ಮಡಿ ಮಾಡಿ, ಮನಸ್ಸು ಬಂದಾಗ ಬಿಡುವುದು. ಬತೂತನಿಗೆ ಮಾತ್ರ ಸುಲ್ತಾನನ ಹೆಸರಿನ ಬಲ. ಅರಸ ತನ್ನ ಮಗನನ್ನೇ ಹಡಗಿಗೆ ಒತ್ತೆಯಾಗಿ ಕಳಿಸಿ, ಮೂರು ದಿನ ಊಟೋಪಚಾರ ಮಾಡಿದ. ಈಗ ಯಾವ ಅಧಿಕಾರಿ ಮಗನನ್ನು ಕಳಿಸಿಯಾನು? ಪಾಸ್‌ಪೋರ್ಟನ್ನು ಬೆಳಕಿಗೆ ಹಿಡಿದು, ಉಗುರಿನಲ್ಲಿ ಅಂಚು ಕೆರೆದು, ಮತ್ತೆ ನಮ್ಮ ಮುಖ ನೋಡುತ್ತಾನೆ, ಅಷ್ಟೇ.

ಈಗ ಕ್ರೂಸ್ ಹಡಗು ನಿಲ್ಲುವುದು ಪಣಂಬೂರಿನ ನವಮಂಗಳೂರು ಬಂದರಿನಲ್ಲಿ. ಅಲ್ಲಿ ಇ-ವೀಸಾ ನಡೆಯುತ್ತದೆ. ಆದರೆ ಒಂದೇ ಪ್ರವೇಶದ ವೀಸಾ ಹಿಡಿದು ಕೊಚ್ಚಿಯಲ್ಲಿ ಇಳಿದವರು ಕೊಲಂಬೊ ನೋಡಿಕೊಂಡು ಮಂಗಳೂರಿಗೆ ಬಂದರೆ ಕಥೆ ಮುಗಿಯಿತು. ಒಮ್ಮೆ ಒಳಗೆ ಬಂದಾಗಿದೆಯಲ್ಲ! ಗಂಡನದು ಮಾತ್ರ ಅಂಥ ವೀಸಾ ಆದರೆ, ಹೆಂಡತಿ ಕದ್ರಿ ದೇವಸ್ಥಾನಕ್ಕೆ, ಗಂಡ ಹಡಗಿನ ಡೆಕ್ಕಿಗೆ.

ಜಗಲಿಯಲ್ಲಿ ಇದನ್ನೆಲ್ಲ ಕೇಳಿದ ಹಿರಿಯರೊಬ್ಬರು ಕವಳ ಉಗಿದು ಅಂದರು:

“ಹೋಯ್, ಅಲ್ಲಿ ಬಿಡುದಿಲ್ದಿರೆ ಇಲ್ಲಿಗೆ ಬಪ್ಪುಕ್ ಹೇಳಿ. ಸೀತಾ ಹೊಳಿಯಂಗೆ ನೀರ್ ಇತ್ತಲ್ದಾ?”

“ವೀಸಾ?”

“ಎಂತಕ್ಕೆ ಮಾರಾಯ್ರೆ? ಕಾಣಿಕೆ ತಂದ್ರೆ ಸಾಕ್. ಉಳಿದದ್ದ್ ನಾ ಕಾಂತೆ.”