ತವರಿಲ್ಲದ ತವರ

ಬೆಂಗಳೂರಿನ ಒಂದು ಕಲ್ಯಾಣ ಮಂಟಪ. ಮದುವೆಯಿಲ್ಲದ ಭಾನುವಾರ, ಹಳೇ ನಾಣ್ಯ, ನೋಟು, ಪದಕಗಳ ಮೇಳ. ಮೂಲೆಯ ಮೇಜಿನ ಮೇಲೆ, ಮೈಸೂರು ಸಂಸ್ಥಾನದ ಕಾಸುಗಳ ಪಕ್ಕದಲ್ಲಿ, ಬೂದು ಬಣ್ಣದ ಅಗಲವಾದ ಬಿಲ್ಲೆಯೊಂದು ಪ್ಲಾಸ್ಟಿಕ್ ಲಕೋಟೆಯೊಳಗೆ ಮಲಗಿತ್ತು. ಚೀಟಿಯಲ್ಲಿ ‘ಸೆರಿಂಗಪಟಂ 1799, ತವರ, ಹೆಸರಿಲ್ಲ’ ಎಂದಿತ್ತು. ಬೆಲೆ ಇರಬೇಕಾದ ಜಾಗದಲ್ಲಿ ‘ಕೇಳಿ’ ಎಂದಷ್ಟೇ ಬರೆದಿತ್ತು. ಕೇಳೋಣವೆಂದರೆ ಅಂಗಡಿಯಾತ ಊಟಕ್ಕೆ ಹೋಗಿದ್ದ. ಸರಿ, ಬಿಲ್ಲೆಯನ್ನೇ ಕೇಳಿದೆ.

ನಾನು: ನಮಸ್ಕಾರ ಅಜ್ಜ. ತಮ್ಮ ಹುಟ್ಟೂರು ಶ್ರೀರಂಗಪಟ್ಟಣವೇ?

ಪದಕ: ಮುಖ ನೋಡಿ ಮೋಸ ಹೋಗಬೇಡಪ್ಪ. ಹುಟ್ಟಿದ್ದು ಬರ್ಮಿಂಗ್‌ಹ್ಯಾಮಿನ ಮಗ್ಗುಲಲ್ಲಿ, ಮ್ಯಾಥ್ಯೂ ಬೌಲ್ಟನ್ನನ ಸೋಹೊ ಟಂಕಸಾಲೆಯಲ್ಲಿ. ಅಚ್ಚು ಕೊರೆದವನು ಕ್ಯೂಖ್ಲರ್ ಅಂತ, ಜರ್ಮನಿ ಕಡೆಯ ಆಸಾಮಿ. ಆ ಇಬ್ಬರೂ ಕಾವೇರಿ ಕಂಡವರಲ್ಲ. ಮೈಯೆಲ್ಲ ತವರ, ಹೇಳಿಕೊಳ್ಳೋಕೆ ತವರಿಲ್ಲ. ಅದೇ ನನ್ನ ಜಾತಕ.

ನಾನು: ಎದೆಯ ಮೇಲೆ ಏನೋ ಜಟಾಪಟಿ ನಡೆದ ಹಾಗಿದೆ?

ಪದಕ: ಸಿಂಹ ಹುಲಿಯನ್ನು ಕೆಡವಿ ಮೇಲೆ ನಿಂತಿದೆ. ಸಿಂಹ ಇಂಗ್ಲಿಷರದು. ಹುಲಿ ಯಾರು ಅನ್ನೋದನ್ನ ನಿಮ್ಮ ಮಂಡ್ಯದ ಮಗುವೂ ಹೇಳುತ್ತೆ. ಮೇಲಿನ ಬಾವುಟದಲ್ಲಿ ಅರಬ್ಬಿ ಅಕ್ಷರ ಇದೆ ನೋಡು: ‘ಅಸದುಲ್ಲಾಹಿಲ್ ಗಾಲಿಬ್’. ಗೆಲ್ಲುವ ದೇವಸಿಂಹ ಅಂತ ಅರ್ಥ. ತಮಾಷೆ ಏನು ಗೊತ್ತಾ? ಇದೇ ಮಾತನ್ನ ಟಿಪ್ಪು ತನ್ನ ಆಯುಧಗಳ ಮೇಲೆ ಹುಲಿಮುಖದ ಆಕಾರದಲ್ಲಿ ಬರೆಸಿಕೊಂಡಿದ್ದ. ಗೆದ್ದವರು ಖಜಾನೆ ಹೊತ್ತರು, ಸಿಂಹಾಸನ ಒಡೆದು ಹಂಚಿಕೊಂಡರು. ಕೊನೆಗೆ ಸೋತವನ ಘೋಷಣೆಯನ್ನೂ ಬಿಡಲಿಲ್ಲ.

ನಾನು: ಬೆನ್ನ ಮೇಲೆ ಸೂರ್ಯ ಇದ್ದಾನಲ್ಲ?

ಪದಕ: ನೆತ್ತಿಯ ಮೇಲಿನ ಸೂರ್ಯ. 1799ರ ಮೇ 4, ಮಧ್ಯಾಹ್ನ ಸುಮಾರು ಒಂದು ಗಂಟೆ. ಕೋಟೆಯವರು ಉಂಡು ಒರಗುವ ಹೊತ್ತು ಅಂತ ಲೆಕ್ಕ ಹಾಕಿಯೇ ಕಾವೇರಿ ದಾಟಿ, ಒಡೆದ ಗೋಡೆಗೆ ನುಗ್ಗಿದರು. ನಿಮ್ಮ ಕಡೆ ಊಟದ ಹೊತ್ತಿಗೆ ಬಂದವರಿಗೆ ಎಲೆ ಹಾಕ್ತಾರೆ. ಅವತ್ತು ಬಂದವರು ಎಲೆ, ಪಾತ್ರೆ, ಕೋಣೆ, ಕೋಟೆ ಎಲ್ಲಾನೂ ಎತ್ತಿಕೊಂಡರು.

ನಾನು: ಗೆದ್ದ ತಕ್ಷಣ ಪದಕ ಹಂಚಿದರೇ?

ಪದಕ: ತಕ್ಷಣವೇ? ಅದು ಕಂಪನಿ ಸರ್ಕಾರ ಕಣಪ್ಪ! ಅಚ್ಚಾಗಿದ್ದು 1801–02ರಲ್ಲಿ, ಹಂಚಿಕೆ ಆಗಿದ್ದು 1808ಕ್ಕೆ. ಅಷ್ಟರಲ್ಲಿ ಎಷ್ಟು ಎದೆಗಳು ಮಣ್ಣು ಸೇರಿದ್ದವೋ. ನಿಮ್ಮ ಪಿಂಚಣಿ ಫೈಲು ನಿಧಾನ ಅಂತ ಕೊರಗಬೇಡಿ, ಆ ಪರಂಪರೆ ತುಂಬ ಹಳೆಯದು.

ನಾನು: ಎಲ್ಲರಿಗೂ ಒಂದೇ ಪದಕವೇ?

ಪದಕ: ಚಿತ್ರ ಒಂದೇ, ಜಾತಿ ಐದು. ಜನರಲ್ಲುಗಳಿಗೆ ಚಿನ್ನ. ಅವರ ಕೆಳಗಿನ ದೊಡ್ಡ ಅಧಿಕಾರಿಗಳಿಗೆ ಚಿನ್ನದ ನೀರು ಕುಡಿದ ಬೆಳ್ಳಿ. ಕ್ಯಾಪ್ಟನ್ನು, ಲೆಫ್ಟಿನೆಂಟುಗಳಿಗೆ ಬರೀ ಬೆಳ್ಳಿ. ಹವಾಲ್ದಾರರ ಮಟ್ಟದವರಿಗೆ ಕಂಚು. ಗೋಡೆ ಹತ್ತಿದ ಸಿಪಾಯಿಗೆ ತವರ, ಅಂದರೆ ನಾನು. ಹಣದ ಹಂಚಿಕೆಯೂ ಹಾಗೇ. ಲೂಟಿಯ ಪಾಲಿನಲ್ಲಿ ದಂಡನಾಯಕ ಹ್ಯಾರಿಸ್‌ಗೆ 1,42,000 ಪೌಂಡಿಗೂ ಮೇಲೆ ಸಂದಿತು. ಸಿಪಾಯಿಗೆ ಸಿಕ್ಕಿದ್ದು ಬೆರಳಲ್ಲಿ ಎಣಿಸೋ ಅಷ್ಟು ಪೌಂಡು. ಬೆರಳು ಉಳಿದಿದ್ದರೆ.

ನಾನು: ಈಗ ವ್ಯಾಪಾರದ ಮಾತಿಗೆ ಬರೋಣ. ತಮ್ಮ ಬೆಲೆ ಕಟ್ಟುವವರು ಮೊದಲು ನೋಡುವುದೇನು?

ಪದಕ: ಮೊದಲು ಅಸಲಿಯೋ ನಕಲಿಯೋ ಅಂತ. ಕೋಟೆ ನೋಡಲು ಬಂದವರಿಗೆ ‘ಹೊಳೇಲಿ ಸಿಕ್ತು ಸಾರ್, ಟಿಪ್ಪು ಕಾಲದ್ದು’ ಅಂತ ಕಿವಿಯಲ್ಲಿ ಹೇಳಿ ಮಾರೋ ಹುಡುಗರಿದ್ದಾರೆ. ಅವರ ಹೊಳೆ ಯಾವುದೋ ಎರಕದ ಕುಲುಮೆ. ನಾನು ಅಚ್ಚಿನ ಏಟಿಗೆ ಹುಟ್ಟಿದವನು, ಹುಲಿಯ ಪಟ್ಟೆ, ಗೋಡೆಯ ಕಲ್ಲು ಚೂಪಾಗಿರುತ್ತವೆ. ಎರಕದ್ದಕ್ಕೆ ಮುಖ ಮಂಕು, ಮೈಮೇಲೆ ಸಣ್ಣ ತೂತು, ಕೆಲವೊಮ್ಮೆ ಅಂಚಲ್ಲಿ ಹೊಲಿಗೆಯ ಗೆರೆ. ಲೋಹ ಆರುವಾಗ ಕುಗ್ಗೋದರಿಂದ ಅಳತೆಯಲ್ಲೂ ಒಂದು ಎಳೆ ಚಿಕ್ಕದು. ಹಾಗಂತ ಅಳತೆಪಟ್ಟಿ ಹಿಡಿದ ಕೂಡಲೇ ಪಂಡಿತರಾಗಬೇಡಿ. ಸೋಹೊದಲ್ಲಿ ಹುಟ್ಟಿದ ನಾವು 48 ಮಿಲಿಮೀಟರು. ಕಲ್ಕತ್ತಾದಲ್ಲಿ ಹೊಡೆದವು 45. ಕೆತ್ತನೆ ಸ್ವಲ್ಪ ಒರಟಾದರೂ ಅವೂ ಅಸಲಿಯೇ. ಅರ್ಧ ಕಲಿತವನು ಅವನ್ನೇ ನಕಲಿ ಅಂತ ಎಸೆದುಬಿಡ್ತಾನೆ.

ನಾನು: ಆಮೇಲೆ?

ಪದಕ: ಆಮೇಲೆ ಮೈಕಟ್ಟು. ಅಂಚಿಗೆ ಪೆಟ್ಟು ಬಿದ್ದಿದೆಯಾ, ಪಕ್ಕದ ಪದಕ ಉಜ್ಜಿ ಗೀರಾಗಿದೆಯಾ, ನೇತುಹಾಕಲು ಯಾರಾದರೂ ತೂತು ಕೊರೆದರಾ? ನಮಗೆ ಕೊಂಡಿಯನ್ನೇ ಕೊಟ್ಟಿರಲಿಲ್ಲ. ಹಾಕಿಕೊಳ್ಳಬೇಕಾದವರು ತಾವೇ ಬಳೆ ಬೆಸೆಸಿಕೊಂಡರು, ಇಲ್ಲವೇ ಗಾಜಿನ ಚೌಕಟ್ಟು ಕಟ್ಟಿಸಿದರು. ಎಲ್ಲಕ್ಕಿಂತ ದೊಡ್ಡ ಶತ್ರು ಅಂದರೆ ಮನೆಯ ಶುಚಿತ್ವ. ಹಬ್ಬದ ಹಿಂದಿನ ದಿನ ದೀಪದ ಕಂಬದ ಜೊತೆ ಹುಣಸೆಹಣ್ಣು ಹಾಕಿ ತಿಕ್ಕಿಬಿಟ್ಟರೆ ಇನ್ನೂರು ವರ್ಷದ ಬಣ್ಣ ಐದು ನಿಮಿಷಕ್ಕೆ ಮೋರಿ ಪಾಲು. ಅವರು ಹೊಳಪು ಬಂತು ಅಂತ ಖುಷಿಪಡ್ತಾರೆ. ಸಂಗ್ರಹಕಾರ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ತಾನೆ.

ನಾನು: ಚೀಟಿಯಲ್ಲಿ ‘ಹೆಸರಿಲ್ಲ’ ಎಂದಿದೆ. ಅದಕ್ಕೇಕೆ ಅಷ್ಟು ಮಹತ್ವ?

ಪದಕ: ಈಗ ಗಾಯಕ್ಕೆ ಕೈ ಹಾಕಿದೆ ನೋಡು. ಪದಕದ ಸಂತೆಯಲ್ಲಿ ಲೋಹಕ್ಕಿಂತ ಅಂಚು ತೂಕ. ಅಂಚಿನ ಮೇಲೆ ಪಡೆದವನ ಹೆಸರು, ದರ್ಜೆ, ಪಲ್ಟನ್ನು ಇದ್ದರೆ ದಫ್ತರ ತೆಗೆದು ಅವನ ಕಥೆ ಹುಡುಕಬಹುದು. ಕಥೆ ಸಿಕ್ಕಿತೋ, ಬೆಲೆಗೆ ರೆಕ್ಕೆ. ವಾಟರ್‌ಲೂ ಪದಕ ತೆಗೆದುಕೋ. 1815ರ ಯುದ್ಧ, ಡ್ಯೂಕಿನಿಂದ ಡೋಲು ಬಡಿಯೋ ಹುಡುಗನವರೆಗೆ ಎಲ್ಲರಿಗೂ ಒಂದೇ ಬೆಳ್ಳಿ, ಪ್ರತಿಯೊಬ್ಬನ ಹೆಸರೂ ಅಂಚಿನಲ್ಲಿ ಒತ್ತಿದೆ. ಅಲ್ಲಿ ಗೆದ್ದ ಡ್ಯೂಕ್ ಯಾರು? ಶ್ರೀರಂಗಪಟ್ಟಣಕ್ಕೆ ಬಂದಿದ್ದ ಅದೇ ಆರ್ಥರ್ ವೆಲ್ಲೆಸ್ಲಿ. ಇಲ್ಲಿ ಸುಲ್ತಾನ್‌ಪೇಟೆ ತೋಪಿನ ಕತ್ತಲಲ್ಲಿ ದಾರಿ ತಪ್ಪಿ ಹಿಂದಿರುಗಿದವನು. ಅಲ್ಲಿ ಅವನ ಸಿಪಾಯಿಗೆ ಹೆಸರು ಬಂತು. ಇಲ್ಲಿ ಮದರಾಸು, ಮುಂಬಯಿ ಪಲ್ಟನ್ನಿನ ಸಿಪಾಯಿಗೆ ಬಂದಿದ್ದು ನುಣ್ಣನೆಯ ಅಂಚು.

ನಾನು: ಹಾಗಾದರೆ ಈಗಲಾದರೂ ಒಂದು ಹೆಸರು ಕೆತ್ತಿಸಬಹುದಲ್ಲ?

ಪದಕ: ಕೆತ್ತುವವರಿಗೇನು ಬರವೇ? ಒಬ್ಬ ಪುಣ್ಯಾತ್ಮ ನನ್ನ ಅಂಚಿಗೆ ‘ಬೇರ್ಡ್’ ಅಂತ ಕೆತ್ತಲು ಹೊರಟಿದ್ದ. ದಾಳಿಯ ಮುಂಚೂಣಿಯಲ್ಲಿದ್ದ ಜನರಲ್ಲು, ಇದೇ ಶ್ರೀರಂಗಪಟ್ಟಣದ ಸೆರೆಯಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಳೆದವನು, ಅವನಿಗೆ ತವರದ ಬಿಲ್ಲೆ ಕೊಡ್ತಾರಾ? ಪಕ್ಕದ ಮೇಜಿನ ಅಜ್ಜ ‘ಲೇ, ಸುಳ್ಳು ಹೇಳೋಕೂ ಸ್ವಲ್ಪ ಓದಿರಬೇಕು’ ಅಂದ, ಅವನು ಉಳಿ ಕೆಳಗಿಟ್ಟ. ಇನ್ನು ಕೆಲವರು ಇದ್ದ ಹೆಸರನ್ನೇ ಅರ ಹಾಕಿ ಅಳಿಸಿ, ದೊಡ್ಡ ಹೆಸರು ಕೂರಿಸ್ತಾರೆ. ಅಂಚು ಕೂದಲೆಳೆಯಷ್ಟು ತೆಳುವಾಗಿ ಸಿಕ್ಕಿಬೀಳುತ್ತೆ.

ನಾನು: ಬೇರ್ಡ್ ಎಂದಿರಿ. ಆತನಿಗೆ ಸಂದಿದ್ದ ಟಿಪ್ಪುವಿನ ಕತ್ತಿ 2023ರ ಮೇನಲ್ಲಿ ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ 1.4 ಕೋಟಿ ಪೌಂಡಿಗೆ ಹೋಯಿತು. ಹೊಟ್ಟೆಯುರಿಯಲಿಲ್ಲವೇ?

ಪದಕ: ಕತ್ತಿಗೆ ಎರಡು ಹೆಸರಿತ್ತಲ್ಲಪ್ಪ, ಕಳೆದುಕೊಂಡವನದೂ ಪಡೆದವನದೂ. ನನ್ನಲ್ಲಿ ಒಂದೂ ಇಲ್ಲ. ಅಲ್ಲಿಗೆ ಹೋಗಿ ಕೂರೋಣ ಅಂದರೂ ಆಗಲ್ಲ. 1972ರ ಕಾನೂನು ಪ್ರಕಾರ ನೂರು ವರ್ಷ ದಾಟಿದ ನನ್ನಂಥವನನ್ನ ವ್ಯಾಪಾರಿ ದೇಶದಾಚೆ ಕಳಿಸುವಂತಿಲ್ಲ. ಬರುವಾಗ ಯಾರೂ ಪಾಸ್‌ಪೋರ್ಟ್ ಕೇಳಲಿಲ್ಲ. ಹೋಗುವಾಗ ನಾನು ಭಾರತದ ಪುರಾತನ ಸ್ವತ್ತು!

ನಾನು: ಮೈಸೂರು ಸೋತಿದ್ದಕ್ಕೆ ಕೊಟ್ಟ ಪದಕವನ್ನು ಮೈಸೂರಿನವರೇ ದುಡ್ಡು ಕೊಟ್ಟು ಕೊಳ್ಳುವುದು ವಿಚಿತ್ರ ಅಲ್ಲವೇ?

ಪದಕ: ಅದರಲ್ಲೇನು ವಿಚಿತ್ರ? ಕೋಟೆ ಗೋಡೆ ಒಡೆದ ಜಾಗದಲ್ಲಿ ಸ್ಮಾರಕದ ಕಂಬ ನಿಲ್ಲಿಸಿದ್ದೂ ಮೈಸೂರು ಸರ್ಕಾರವೇ, 1907ರಲ್ಲಿ. ಸೋತವರಿಗೆ ಯಾರೂ ಪದಕ ಹೊಡೆಸೋದಿಲ್ಲ. ಅವರ ನೆನಪು ಬೇಕು ಅಂದರೆ ಗೆದ್ದವರ ಪದಕವನ್ನೇ ಕೊಳ್ಳಬೇಕು. ಹುಲಿಯ ಚಿತ್ರ ಬೇಕಾ, ಸಿಂಹದ ಕಾಲಡಿಯದೇ ಸಿಗೋದು.

ನಾನು: ತಮ್ಮ ಜೊತೆಗೆ ಹುಟ್ಟಿದವರು ಸಾವಿರಗಟ್ಟಲೆ ಇದ್ದರಲ್ಲ, ಎಲ್ಲಿ ಹೋದರು?

ಪದಕ: *(ಸ್ವಲ್ಪ ಹೊತ್ತು ಸುಮ್ಮನಿದ್ದು)* ಚಿನ್ನದವರು ಬೀರು ಸೇರಿದರು. ನಾವು? ತವರ 232 ಡಿಗ್ರಿಗೆ ಕರಗುತ್ತೆ, ಇದ್ದಿಲ ಒಲೆಯೇ ಸಾಕು. ಸಿಪಾಯಿ ಸತ್ತ ಮೇಲೆ ಆ ಬಿಲ್ಲೆ ಇಟ್ಟುಕೊಂಡು ಅವನ ಹೆಂಡತಿ ಏನು ಮಾಡಬೇಕಿತ್ತು? ಬೀದಿಯಲ್ಲಿ ‘ಕಲಾಯಿ’ ಅಂತ ಕೂಗು ಕೇಳಿದಾಗ ತಂದು ಕೊಟ್ಟಿರುತ್ತಾಳೆ. ಅವನು ತಾಮ್ರದ ಪಾತ್ರೆ ಕಾಯಿಸಿ, ನವಸಾಗರ ಹಾಕಿ, ಹತ್ತಿಯಲ್ಲಿ ಒರೆಸಿ ಸಿಂಹ ಹುಲಿ ಎರಡನ್ನೂ ಒಂದೇ ಪದರ ಮಾಡಿರುತ್ತಾನೆ. ಹುಳಿಸಾರು ಕಿಲುಬದೆ ಉಳಿದಿರುತ್ತೆ. ನಮ್ಮ ವಂಶದಲ್ಲಿ ದುಡಿದು ಸತ್ತವರು ಅವರೇ. ಅಳಿದುಳಿದಿದ್ದಕ್ಕೆ ನಾನು ‘ಅಪರೂಪ’.

ಅಷ್ಟರಲ್ಲಿ ಅಂಗಡಿಯಾತ ಕೈ ಒರೆಸುತ್ತ ಬಂದ. ಹಿಂದೆಯೇ ಭೂತಗನ್ನಡಿ ಹಿಡಿದ ಒಬ್ಬ ಗಿರಾಕಿ. ಬಿಲ್ಲೆಯನ್ನು ಲಕೋಟೆಯಿಂದ ತೆಗೆದು ಅಂಚನ್ನು ಸುತ್ತಲೂ ತಿರುಗಿಸಿದ. ಸಿಂಹ, ಹುಲಿ, ಸೂರ್ಯ ಯಾವುದರ ಮೇಲೂ ಕಣ್ಣು ನಿಲ್ಲಲಿಲ್ಲ.

“ಹೆಸರಿಲ್ವಾ?”

“ಇಲ್ಲ ಸಾರ್. ಅದಕ್ಕೇ ನಿಮಗೆ ಕಮ್ಮಿ ಮಾಡಿ ಕೊಡ್ತೀನಿ” ಎಂದು ಅಂಗಡಿಯಾತ ಬಿಲ್ಲೆಯನ್ನು ವಾಪಸು ತೆಗೆದುಕೊಂಡು, ಹುಲಿಯ ಮೇಲೆ ಕೂತಿದ್ದ ಧೂಳನ್ನು ಹೆಬ್ಬೆರಳಿನಿಂದ ಒತ್ತಿ ಒರೆಸಿದ. ಆ ಬೆರಳಿಗೆ ಇನ್ನೂ ಹುಳಿಸಾರಿನ ವಾಸನೆಯಿತ್ತು.