ಸಾಸಿವೆ ಡಬ್ಬಿಯ ಅರ್ಥಮೀಮಾಂಸೆ

ಆರ್ಥಿಕ ಸಾಕ್ಷರತೆಯೆಂದರೆ, ಹಣವಿಲ್ಲದವರು ಹಣವನ್ನು ಹೇಗೆ ನಿರ್ವಹಿಸಬೇಕೆಂಬುದನ್ನು ಹಣವುಳ್ಳವರು ಪರದೆಯ ಮೇಲೆ ಚಿತ್ರ ತೋರಿಸಿ ಬೋಧಿಸುವ ಶಾಸ್ತ್ರ. ಬೋಧಕ, ಬೋಧ್ಯ, ಬ್ಯಾನರು ಮತ್ತು ಬಿಸ್ಕತ್ತು ಎಂಬ ನಾಲ್ಕು ಅಂಗಗಳು ಈ ಶಾಸ್ತ್ರಕ್ಕಿದ್ದು, ಬ್ಯಾನರಿಲ್ಲದೆ ಉಳಿದ ಮೂರೂ ಸಿದ್ಧಿಸಲಾರವು ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ಸ್ತ್ರೀಶಕ್ತಿ ಸಂಘದ ಸದಸ್ಯೆಯರನ್ನು ಪಂಚಾಯಿತಿ ಸಭಾಂಗಣದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂರಿಸಿ ‘ಉಳಿತಾಯದ ಮನೋಭಾವ’ವನ್ನು ಬಿತ್ತುವ ಈ ವಿಧಿಯಲ್ಲಿ, ಬಿತ್ತುವ ಮುನ್ನ ಹೊಲದಲ್ಲಿ ಆಗಲೇ ಬೆಳೆ ನಿಂತಿದೆಯೇ ಎಂದು ನೋಡುವ ಪದ್ಧತಿಯಿಲ್ಲ. ಆ ಕೊರತೆಯನ್ನು ತುಂಬುವ ಸಲುವಾಗಿ, ಬೋಧ್ಯರ ಅಡುಗೆಮನೆಯಲ್ಲಿ ಪರಂಪರೆಯಿಂದ ನಡೆದುಬಂದಿರುವ ಹಣಕಾಸು ಸಂಸ್ಥೆಗಳನ್ನು ಐದು ವರ್ಗಗಳಾಗಿ ವಿಂಗಡಿಸಿ ಅವುಗಳ ಲಕ್ಷಣಗಳನ್ನು ನಿರೂಪಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಪ್ರಥಮ ವರ್ಗವು ಸರ್ಷಪಾಂತರ್ಗತ ಗುಪ್ತಸಂಚಯ. ಸರ್ಷಪವೆಂದರೆ ಸಾಸಿವೆ, ಅಂತರ್ಗತವೆಂದರೆ ಒಳಗಿರುವುದು, ಗುಪ್ತಸಂಚಯವೆಂದರೆ ಗಂಡನಿಗೆ ಗೊತ್ತಿಲ್ಲದ್ದು. ಅಡುಗೆಮನೆಯಲ್ಲಿ ಇಷ್ಟೊಂದು ಡಬ್ಬಿಗಳಿರುವಾಗ ಸಾಸಿವೆಯ ಡಬ್ಬಿಯೇ ಏಕೆ ಎಂಬುದು ಈ ಕ್ಷೇತ್ರದ ಮೂಲಪ್ರಶ್ನೆ. ಬೇಳೆಯ ಮಟ್ಟ ದಿನವೂ ಇಳಿಯುವುದರಿಂದ ಅದರಡಿಯ ನೋಟು ತಿಂಗಳ ಮೂರನೆಯ ವಾರಕ್ಕೆ ತಲೆ ಹೊರಗೆ ಹಾಕುತ್ತದೆ; ಸಕ್ಕರೆಯ ಡಬ್ಬಿಗೆ ಮಕ್ಕಳ ಕೈ ಹೋಗುತ್ತದೆ; ಒಗ್ಗರಣೆಗೆ ಅರ್ಧ ಚಮಚೆಯಂತೆ ಖರ್ಚಾಗುವ ಸಾಸಿವೆಯಾದರೋ ವಾರಗಟ್ಟಲೆ ಮಟ್ಟ ಕಾಯ್ದುಕೊಳ್ಳುವುದಲ್ಲದೆ, ಕಾಳು ಸಣ್ಣದಾದ್ದರಿಂದ ಚಿಲ್ಲರೆಯ ಸದ್ದನ್ನೂ ನುಂಗುತ್ತದೆ. ಎಲ್ಲಕ್ಕೂ ಮಿಗಿಲಾಗಿ, ಗಂಡನಾದವನು ಜೀವಮಾನದಲ್ಲಿ ಒಮ್ಮೆಯೂ ಒಗ್ಗರಣೆ ಹಾಕಲಾರನೆಂಬ, ಇದುವರೆಗೆ ಬಹುಮಟ್ಟಿಗೆ ಸುಳ್ಳಾಗದ ಊಹೆಯ ಮೇಲೆ ಈ ತಿಜೋರಿಯ ಭದ್ರತೆ ನಿಂತಿದೆ. (ಜೀರಿಗೆ ಡಬ್ಬಿಯೂ ಸಮಾನ ಅರ್ಹತೆಯುಳ್ಳದ್ದೆಂದು ವಾದಿಸುವ ಪಂಥವೊಂದಿದೆ, ಆ ಪಂಥದವರ ಮನೆಯ ರಸಂ ರುಚಿ ನೋಡಿದವರು ಅದನ್ನು ಗಂಭೀರವಾಗಿ ಪರಿಗಣಿಸುವುದಿಲ್ಲ.)

ಈ ಸಂಸ್ಥೆಗೆ ನಡೆದ ಏಕೈಕ ಸಾರ್ವತ್ರಿಕ ಲೆಕ್ಕಪರಿಶೋಧನೆ 2016ರ ನವೆಂಬರ್ 8ರ ರಾತ್ರಿ ಘೋಷಣೆಯಾಯಿತು. 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದಾಗ, ಮಗಳ ಓಲೆಗೆಂದು, ತವರಿನ ಬಸ್ ಚಾರ್ಜಿಗೆಂದು, ಹೊತ್ತಲ್ಲದ ಹೊತ್ತಿನಲ್ಲಿ ಬರುವ ಆಸ್ಪತ್ರೆಯ ಖರ್ಚಿಗೆಂದು ಎತ್ತಿಟ್ಟಿದ್ದೆಲ್ಲ ಸಾಸಿವೆ ಕಾಳು ಅಂಟಿಸಿಕೊಂಡೇ ಗಂಡಂದಿರ ಕೈಗೆ ಬಂದು, ಅಲ್ಲಿಂದ ಬ್ಯಾಂಕಿನ ಸಾಲಿಗೆ ಹೋಗಿ ನಿಂತಿತು. ರದ್ದಾದ ನೋಟುಗಳ ಮೌಲ್ಯದಲ್ಲಿ ಶೇಕಡ 99.3ರಷ್ಟು ಮರಳಿ ಬಂದಿತೆಂದು ರಿಸರ್ವ್ ಬ್ಯಾಂಕು 2018ರಲ್ಲಿ ಲೆಕ್ಕ ಹೇಳಿತು. ಅದರಲ್ಲಿ ಡಬ್ಬಿಗೆ ಮರಳಿದ್ದೆಷ್ಟೆಂಬುದು ಆ ಲೆಕ್ಕಕ್ಕೆ ಹೊರಗಿನ ವಿಷಯ.

ದ್ವಿತೀಯ ವರ್ಗವು ಪರಸ್ಪರ-ಪ್ರತ್ಯರ್ಪಣಾತ್ಮಕ ಔತ್ಸವಿಕ ಋಣಚಕ್ರ, ಅಂದರೆ ಮುಯ್ಯಿ. ಮದುವೆಮನೆಯಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರೆಂದು ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಂಡು, ಅವರ ಮನೆಯ ಶುಭಕಾರ್ಯದಲ್ಲಿ ಅದಕ್ಕೆ ಕಡಿಮೆಯಾಗದಂತೆ ಹಿಂದಿರುಗಿಸುವುದು ಇದರ ಕ್ರಮ. ಪ್ರತಿಯೊಂದು ವ್ಯವಹಾರವನ್ನೂ ಎರಡು ಕಡೆ ಬರೆಯಬೇಕೆಂಬ ಜೋಡಿ ನಮೂದಿನ ಪದ್ಧತಿಯನ್ನು ಇಟಲಿಯ ಲೂಕಾ ಪಾಚೋಲಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ವಿವರಿಸಿದನಷ್ಟೆ. ಇಲ್ಲಿ ಆ ಎರಡು ನಮೂದುಗಳು ಎರಡು ಮನೆಗಳ ಎರಡು ಟ್ರಂಕುಗಳಲ್ಲಿ ಇರುತ್ತವೆ. ಸುಸ್ತಿದಾರರಿಗೆ ವಿಧಿಸುವ ದಂಡವೆಂದರೆ, ಮುಂದಿನ ಮದುವೆಯ ಊಟದ ಪಂಕ್ತಿಯಲ್ಲಿ ಅವರಿಗೆ ಕೇಳಿಸುವಷ್ಟೇ ದನಿಯಲ್ಲಿ ನಡೆಯುವ ಮಾತುಕತೆ. ಇದರ ವಸೂಲಾತಿಯನ್ನು ಸರಿಗಟ್ಟುವ ಬ್ಯಾಂಕು ಇನ್ನೂ ಸ್ಥಾಪನೆಯಾಗಿಲ್ಲ.

ತೃತೀಯ ವರ್ಗವು ಸಾಮೂಹಿಕ ಹರಾಜಾಧಾರಿತ ಆವರ್ತನಿಧಿ, ಅಂದರೆ ಚೀಟಿ. ಇಪ್ಪತ್ತು ಜನ ತಿಂಗಳಿಗೆ 1,000 ರೂಪಾಯಿಯಂತೆ ಹಾಕುವ 20,000ದ ಚೀಟಿಯನ್ನು ಒಬ್ಬಳು 4,000 ಬಿಟ್ಟು ಕೂಗಿದರೆ, ನಡೆಸುವವರ ಕಮಿಷನ್ನು ಶೇಕಡ 5ರಂತೆ 1,000 ಕಳೆದು, ಮಿಕ್ಕ 3,000ವನ್ನು ಇಪ್ಪತ್ತು ಜನರಿಗೆ ಹಂಚಿದಾಗ ತಲೆಗೆ 150 ಬಂದು, ಆ ತಿಂಗಳ ಕಂತು 850ಕ್ಕೆ ಇಳಿಯುತ್ತದೆ. ಈ ಲೆಕ್ಕವನ್ನು ಸಂತೆಯ ಹೂವಾಡಗಿತ್ತಿ ಕೈಯಲ್ಲಿನ ಮೊಳದ ಹೂವು ಮುಗಿಯುವುದರೊಳಗೆ ಮಾಡಿ, ಈ ತಿಂಗಳು ಎತ್ತಿದರೆ ಲಾಭವೋ ನಾಲ್ಕು ತಿಂಗಳು ಕಾದರೆ ಲಾಭವೋ ಎಂಬುದನ್ನೂ ತೀರ್ಮಾನಿಸಿರುತ್ತಾಳೆ. ಕಮಿಷನ್ನಿಗೆ 1982ರ ಚಿಟ್ ಫಂಡ್ ಕಾಯ್ದೆ ಹಾಕಿದ್ದ ಶೇಕಡ 5ರ ಮಿತಿಯನ್ನು 2019ರ ತಿದ್ದುಪಡಿ 7ಕ್ಕೆ ಏರಿಸಿತು. ಬೀದಿಯ ಚೀಟಿಗೆ ಆ ಕಾಯ್ದೆಯ ಪರಿಚಯವಿಲ್ಲ, ನಡೆಸುವವರು ಊರು ಬಿಟ್ಟು ಓಡಿದ ದಿನ ಮಾತ್ರ ಎಲ್ಲರಿಗೂ ಅದರ ನೆನಪಾಗುತ್ತದೆ.

ಚತುರ್ಥ ಮತ್ತು ಪಂಚಮ ವರ್ಗಗಳಾದ ಗಿರವಿ ಹಾಗೂ ಉದ್ರಿಗಳಿಗೆ ಸಮಾಸಪದಗಳನ್ನು ಕಟ್ಟುವ ಉತ್ಸಾಹ ಇಲ್ಲಿಗೆ ಬತ್ತಿರುವುದರಿಂದ ವರ್ಗೀಕರಣವನ್ನು ಕೈಬಿಡಲಾಗಿದೆ. ಆಸಕ್ತರು ತಮ್ಮ ಬೀದಿಯ ಕಿರಾಣಿ ಅಂಗಡಿಯ ಉದ್ದನೆಯ ಪುಸ್ತಕವನ್ನು ತೆರೆದು ನೋಡಬಹುದು.

ಇನ್ನು ಶಿಬಿರಗಳಲ್ಲಿ ಬೋಧಿಸಲಾಗುವ ಮಹಾಸೂತ್ರದ ವಿಚಾರ. ಆದಾಯದಲ್ಲಿ ಶೇಕಡ 50 ಅಗತ್ಯಗಳಿಗೆ, 30 ಬಯಕೆಗಳಿಗೆ, 20 ಉಳಿತಾಯಕ್ಕೆ ಎಂಬ ಈ ಸೂತ್ರವನ್ನು ಅಮೆರಿಕದ ಎಲಿಜಬೆತ್ ವಾರನ್ ಮತ್ತು ಅವರ ಮಗಳು 2005ರ ತಮ್ಮ ಪುಸ್ತಕದಲ್ಲಿ ಅಲ್ಲಿನ ಸಂಬಳದಾರ ಕುಟುಂಬಗಳಿಗಾಗಿ ಜನಪ್ರಿಯಗೊಳಿಸಿದರು. ತಿಂಗಳಿಗೆ 12,000 ರೂಪಾಯಿ ದುಡಿಯುವ ಮನೆಗೆ ಇದನ್ನು ಅನ್ವಯಿಸಿದಾಗ ಅಗತ್ಯಗಳಿಗೆ 6,000 ದೊರೆಯುತ್ತದೆ; ಬಯಕೆಗಳಿಗೆ 3,600 ಮೀಸಲಾಗುತ್ತದೆ; ಬಯಕೆಗಳ ಪಟ್ಟಿಯಲ್ಲಿ ಏನನ್ನು ಬರೆಯಬೇಕೆಂದು ತೋಚದೆ ಬೋಧ್ಯರು ಪರಸ್ಪರ ಮುಖ ನೋಡಿಕೊಳ್ಳುತ್ತಾರೆ. ಇದರ ಜೊತೆಗೆ, ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲವನ್ನು ಕಿರುಸಾಲವೆಂದು ಕರೆದ ರಿಸರ್ವ್ ಬ್ಯಾಂಕಿನ 2022ರ ನಿಯಮ, ಅಂಥ ಕುಟುಂಬದ ಸಾಲದ ಕಂತುಗಳು ತಿಂಗಳ ಆದಾಯದ ಶೇಕಡ 50ನ್ನು ಮೀರಬಾರದೆಂದು ಹೇಳುತ್ತದೆ. ಎರಡೂ ಸೂತ್ರಗಳನ್ನು ಒಟ್ಟಿಗೆ ಪಾಲಿಸುವ ಆದರ್ಶ ಗೃಹಿಣಿಯು, ಕಂತು ಕಟ್ಟಿ ಉಳಿದ ಐವತ್ತರಲ್ಲಿ ಐವತ್ತು, ಮೂವತ್ತು ಮತ್ತು ಇಪ್ಪತ್ತನ್ನು ಹೊರತೆಗೆಯಬೇಕಾಗುತ್ತದೆ. ಈ ವ್ಯವಕಲನಕ್ಕೆ ಲೀಲಾವತಿಯಲ್ಲೂ ಉತ್ತರವಿಲ್ಲ.

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯೂ ಶಿಬಿರದಲ್ಲಿ ತಪ್ಪದೆ ಬರುತ್ತದೆ. ಹಾಸಿಗೆಯ ಉದ್ದವನ್ನು ಗೊತ್ತುಮಾಡಿದವರು ಯಾರು, ಒಂದು ಹಾಸಿಗೆಯಲ್ಲಿ ಐದು ಜನ ಮಲಗಿದಾಗ ಯಾರ ಕಾಲನ್ನು ಮಡಿಸಬೇಕು ಎಂಬ ಪ್ರಶ್ನೆಗಳಿಗೆ ಭಾಷ್ಯಕಾರರು ಮೌನ ವಹಿಸಿದ್ದಾರೆ. ಮಡಿಸಿದ ಕಾಲು ಸಾಮಾನ್ಯವಾಗಿ ಯಾರದೆಂಬುದು ಎಲ್ಲ ಮನೆಗಳಲ್ಲೂ ಗೊತ್ತಿರುವ ಸಂಗತಿ.

ಇಲ್ಲಿಂದ ಮುಂದೆ ಶಾಸ್ತ್ರದ ದನಿಯನ್ನು ಕಾಯ್ದುಕೊಳ್ಳುವುದು ಕಷ್ಟ. 2025ರ ಮೊದಲ ತಿಂಗಳುಗಳಲ್ಲಿ ಚಾಮರಾಜನಗರ ಮೊದಲಾದ ಜಿಲ್ಲೆಗಳ ಹಳ್ಳಿಗಳಲ್ಲಿ ಕಿರುಸಾಲದ ವಸೂಲಿಗಾರರಿಗೆ ಹೆದರಿ ಮನೆಗೆ ಬೀಗ ಹಾಕಿ ಊರು ಬಿಟ್ಟವರಿದ್ದರು, ಜೀವವನ್ನೇ ಬಿಟ್ಟವರಿದ್ದರು. ಬಲವಂತದ ವಸೂಲಿಯನ್ನು ತಡೆಯಲು ರಾಜ್ಯ ಸರ್ಕಾರ ಆ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಒಂದು ಸಂಘದ ಕಂತಿಗೆ ಇನ್ನೊಂದರಲ್ಲಿ ಎತ್ತಿ, ಎರಡನೆಯದನ್ನು ಮೂರನೆಯದರಿಂದ ತೀರಿಸಿ, ಯಾವ ವಾರ ಯಾವ ಬೈಕು ಬಾಗಿಲಿಗೆ ಬರುತ್ತದೆಂಬುದನ್ನು ಪುಸ್ತಕವಿಲ್ಲದೆ ನೆನಪಿಟ್ಟುಕೊಂಡವಳಿಗೆ ಲೆಕ್ಕ ಬರುವುದಿಲ್ಲವೆಂದು ಹೇಳಲು ವಿಶೇಷ ಬಗೆಯ ಧೈರ್ಯ ಬೇಕು. ಅವಳ ಸಾಲ ಹುಟ್ಟಿದ್ದು ನೀರು ಬಾರದ ಕೊಳವೆಬಾವಿಯಲ್ಲಿ, ಅತ್ತೆಯ ಆಪರೇಷನ್ನಿನಲ್ಲಿ, ಮಗನ ಕಾಲೇಜಿನ ಫೀಸಿನಲ್ಲಿ. ಪರದೆಯ ಮೇಲಿನ ಚಿತ್ರದಲ್ಲಿ ಇವು ಮೂರೂ ‘ಅನಿರೀಕ್ಷಿತ ವೆಚ್ಚ’ ಎಂಬ ಒಂದೇ ಗುಳ್ಳೆಯೊಳಗಿದ್ದು, ಅದಕ್ಕಾಗಿ ಆರು ತಿಂಗಳ ಸಂಬಳವನ್ನು ಮೊದಲೇ ಬೇರೆಯಾಗಿ ತೆಗೆದಿಟ್ಟಿರಬೇಕೆಂದು ಕೆಳಗೆ ಬರೆದಿರುತ್ತದೆ. ಸಂಬಳವೇ ಇಲ್ಲದ ಮನೆಗೆ ಆರು ತಿಂಗಳ ಸಂಬಳ! ಅವಳ ಅನಿರೀಕ್ಷಿತ ವೆಚ್ಚವನ್ನು ಇಷ್ಟು ವರ್ಷ ತಡೆದದ್ದು ಆ ಸಾಸಿವೆಯ ಡಬ್ಬಿ. ಅದನ್ನು ಉತ್ಪಾದಕವಲ್ಲದ ಹಣವೆಂದು ಜರೆದವರೇ ಈಗ ಅವಳಿಗೆ ಉಳಿತಾಯ ಕಲಿಸಲು ಬಂದಿದ್ದಾರೆ.

ಶಿಬಿರ ಬೆಳಿಗ್ಗೆ ಹತ್ತಕ್ಕೆ ಆರಂಭವಾಗಿ ಸಂಜೆ ನಾಲ್ಕಕ್ಕೆ ಮುಗಿಯುತ್ತದೆ. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಮುಂದಿನ ಶಿಬಿರವನ್ನು ಏರ್ಪಡಿಸುವ ಮಹನೀಯರು ಬ್ಯಾನರಿನ ಖರ್ಚನ್ನು ಉಳಿಸಿ, ಬಂದ ಹೆಂಗಸರಿಗೆ ಅಂದಿನ ಕೂಲಿಯನ್ನು ಕೊಟ್ಟು ಮಧ್ಯಾಹ್ನವೇ ಮನೆಗೆ ಕಳುಹಿಸಬೇಕಾಗಿ ವಿನಂತಿ.